ಗಿಫ್ಟ್ ಪೇಪರನ್ನು ಗುಜರಿಯವರು ಯಾಕೆ ಮುಟ್ಟುವುದಿಲ್ಲ?

ದೀಪಾವಳಿ ಮುಗಿದ ಮರುವಾರ ಬೆಂಗಳೂರಿನ ಯಾವುದಾದರೂ ಗುಜರಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಕೊರಿಯರ್‌ನಲ್ಲಿ ಬಂದ ಕಂದು ರಟ್ಟಿನ ಡಬ್ಬಿ ತಕ್ಕಡಿಗೆ ಏರುತ್ತದೆ. ಹಳೆ ಪೇಪರ್ ಏರುತ್ತದೆ, ಒಡೆದ ಪ್ಲಾಸ್ಟಿಕ್ ಬಕೆಟ್ಟೂ ಏರುತ್ತದೆ. ಮಿರಮಿರ ಮಿಂಚುವ ಗಿಫ್ಟ್ ಪೇಪರ್ ಮತ್ತು ಒಳಗೆ ಸ್ಯಾಟಿನ್ ಬಟ್ಟೆ ಹಾಸಿದ ಡ್ರೈಫ್ರೂಟ್ ಪೆಟ್ಟಿಗೆ ಮಾತ್ರ ಪಕ್ಕಕ್ಕೆ ಬೀಳುತ್ತವೆ. ಮನೆಯಲ್ಲಿ ಎಲ್ಲವನ್ನೂ 'ಒಣ ಕಸ' ಎಂದು ಒಂದೇ ಚೀಲಕ್ಕೆ ತುಂಬಿರುತ್ತೇವೆ. ಕಾಗದ ತಾನೆ, ಎಲ್ಲೋ ಒಂದು ಕಡೆ ಮರುಬಳಕೆ ಆಗುತ್ತದೆ ಎಂಬ ಸಮಾಧಾನವೂ ಇರುತ್ತದೆ. ಗುಜರಿಯವನ ಕೈ ಅದನ್ನು ಅರೆಕ್ಷಣದಲ್ಲಿ ಅಲ್ಲಗಳೆಯುತ್ತದೆ. ಅವನ ಲೆಕ್ಕ ಸರಳ: ಒಂದೇ ಜಾತಿಯ ವಸ್ತುವಿಗೆ ಬೆಲೆ ಉಂಟು, ಬೆರಕೆಗೆ ಇಲ್ಲ.

ಉಡುಗೊರೆಯ ಕಸದ ಬಗ್ಗೆ ತಿಳಿಯಬೇಕಾದದ್ದು ಬಹುಪಾಲು ಈ 'ಬೆರಕೆ' ಎಂಬ ಮಾತಿನಲ್ಲೇ ಇದೆ. ಕಾಗದ ಒಳ್ಳೆಯದು, ಪ್ಲಾಸ್ಟಿಕ್ ಕೆಟ್ಟದ್ದು ಎಂಬ ವಿಂಗಡಣೆ ಇಲ್ಲಿ ಕೆಲಸಕ್ಕೆ ಬಾರದು. ಶುದ್ಧ ಪ್ಲಾಸ್ಟಿಕ್ಕಿಗೆ ನಾಯಂಡಹಳ್ಳಿಯಲ್ಲಿ ಗಿರಾಕಿ ಇದ್ದಾನೆ, ಶುದ್ಧ ಕಾಗದಕ್ಕೆ ಜಾಲಿ ಮೊಹಲ್ಲಾದಲ್ಲಿ ಇದ್ದಾನೆ. ಬಿಡಿಸಲಾಗದಂತೆ ಒಂದಕ್ಕೊಂದು ಅಂಟಿಕೊಂಡ ಕಾಗದ ಮತ್ತು ಪ್ಲಾಸ್ಟಿಕ್ಕಿಗೆ ಎರಡೂ ಕಡೆ ಜಾಗವಿಲ್ಲ. ಹಾಗಾಗಿ ಒಂದು ಗಿಫ್ಟ್ ಪೇಪರಿನ ಹಣೆಬರಹ ಕಸದ ಬುಟ್ಟಿಯ ಮುಂದೆ ತೀರ್ಮಾನವಾಗುವುದಿಲ್ಲ. ಸುಲ್ತಾನ್‌ಪೇಟೆಯ ಅಂಗಡಿಯಲ್ಲಿ ಅದನ್ನು ಆರಿಸಿ ಸುರುಳಿ ಸುತ್ತಿಸಿಕೊಂಡಾಗಲೇ ಅದು ಬರೆದಾಗಿರುತ್ತದೆ.

ಗಿರಣಿಯ ತೊಟ್ಟಿಯೊಳಗೆ

ಹಳೆ ಕಾಗದದಿಂದ ಹೊಸ ಕಾಗದ ಮಾಡುವ ಗಿರಣಿಗಳು ನಂಜನಗೂಡಿನಂಥ ಕಡೆ ನಮ್ಮಲ್ಲೂ ಇವೆ. ಅಲ್ಲಿನ ಮೊದಲ ಯಂತ್ರ ಪಲ್ಪರ್. ಮನೆಯ ಮಿಕ್ಸಿಯನ್ನು ಒಂದು ಕೋಣೆಯಷ್ಟು ದೊಡ್ಡದು ಮಾಡಿದರೆ ಹೇಗೋ ಹಾಗೆ. ಬೇಲು ಕಟ್ಟಿ ತಂದ ರದ್ದಿಯನ್ನು ಅದರೊಳಗೆ ಹಾಕಿ ನೀರು ಬಿಟ್ಟು ತಿರುವುತ್ತಾರೆ. ತೊಟ್ಟಿಯಲ್ಲಿ ಕಾಗದ ನೂರಕ್ಕೆ ಐದರಿಂದ ಹದಿನೈದು ಪಾಲು, ಉಳಿದದ್ದೆಲ್ಲ ನೀರು. ಕಾಗದದ ನಾರುಗಳನ್ನು ಹಿಡಿದಿಟ್ಟಿರುವ ಬಂಧ ನೀರಿಗೆ ಸಡಿಲವಾಗುವಂಥದ್ದು. ಹತ್ತಿಪ್ಪತ್ತು ನಿಮಿಷದಲ್ಲಿ ದಿನಪತ್ರಿಕೆ ಅಂಬಲಿಯಂತೆ ಕರಗಿ ಗಂಜಿಯಾಗುತ್ತದೆ.

ಲ್ಯಾಮಿನೇಷನ್ ಆದ ಕಾಗದ ಹೀಗೆ ಕರಗುವುದಿಲ್ಲ. ಅದರ ಮೇಲೆ 12ರಿಂದ 20 ಮೈಕ್ರಾನಿನಷ್ಟು ತೆಳುವಾದ ಪ್ಲಾಸ್ಟಿಕ್ ಪೊರೆ ಅಂಟಿರುತ್ತದೆ. ನೀರು ಒಂದು ಮಗ್ಗುಲಿಂದ ಮಾತ್ರ ಒಳಹೋಗುತ್ತದೆ, ನಾರು ಅರ್ಧಂಬರ್ಧ ಬಿಡುತ್ತದೆ, ಪೊರೆ ಚೂರುಚೂರಾಗಿ ತೇಲುತ್ತದೆ. ಪಲ್ಪರ್ ದಾಟಿದ ಗಂಜಿಯನ್ನು ಜರಡಿ ಹಿಡಿಯುತ್ತಾರೆ: ಮೊದಲು ತೂತಿನ ಜರಡಿ, ಆಮೇಲೆ ಸುಮಾರು 0.2 ಮಿಲಿಮೀಟರ್ ಅಗಲದ ಸೀಳಿನ ಜರಡಿ. ದಪ್ಪ ಪ್ಲಾಸ್ಟಿಕ್ ಇಲ್ಲಿ ಸಿಕ್ಕಿಬೀಳುತ್ತದೆ. ತೆಳು ಪೊರೆಯ ಚೂರು ಅಡ್ಡಡ್ಡ ತಿರುಗಿದಾಗ ಸೀಳಿನಲ್ಲಿ ನುಸುಳಿಬಿಡುತ್ತದೆ. ಹೊಸ ಹಾಳೆಯಲ್ಲಿ ಅದು ಮಿನುಗುವ ಚುಕ್ಕೆಯಾಗಿ, ಇಲ್ಲವೇ ಸಣ್ಣ ತೂತಾಗಿ ಕಾಣಿಸಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಕಂಟಕ ಅಂಟು. ನಾವು ಸೆಲ್ಲೋ ಟೇಪ್ ಎನ್ನುವುದು ಪಾಲಿಪ್ರೊಪಿಲೀನ್ ಪಟ್ಟಿಯ ಮೇಲೆ ಅಕ್ರಿಲಿಕ್ ಅಂಟು ಸವರಿದ ವಸ್ತು. ಪಟ್ಟಿ ಜರಡಿಯಲ್ಲಿ ನಿಲ್ಲುತ್ತದೆ, ಅಂಟು ನಿಲ್ಲುವುದಿಲ್ಲ. ಒತ್ತಿದರೆ ಆಕಾರ ಬದಲಿಸುವ ಮೆತ್ತನೆಯ ಕಣ ಅದು, ಎಂಥ ಸೀಳಿನಲ್ಲೂ ಇಳಿದುಹೋಗುತ್ತದೆ. ಒಣಗಿಸುವ ಬಿಸಿ ರೋಲರುಗಳನ್ನು ತಲುಪಿದಾಗ ಮತ್ತೆ ಮೆತ್ತಗಾಗಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಹಾಳೆ ಹರಿಯುತ್ತದೆ, ಯಂತ್ರ ನಿಲ್ಲಿಸಿ ಉಜ್ಜಬೇಕಾಗುತ್ತದೆ. ಹತ್ತಾರು ತುಂಡು ಟೇಪು ಮೆತ್ತಿದ ಕಾಗದವನ್ನು ಗಿರಣಿಯವರು ಕೀಳು ದರ್ಜೆಗೆ ತಳ್ಳಲು ಕಾರಣ ಕಾಗದಕ್ಕಿಂತ ಹೆಚ್ಚಾಗಿ ಈ ಅಂಟು.

ಗ್ಲಿಟರ್‌ನದು ಇನ್ನೂ ಹಟ. ಬಹುತೇಕ ಮಿನುಗು ಪುಡಿ ಎಂದರೆ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಪೊರೆಯನ್ನು ಸಣ್ಣಗೆ ಕತ್ತರಿಸಿದ್ದು. ಅದರ ಕಣ ಎಷ್ಟೋ ಸಲ ಗಿರಣಿಯ ಸೀಳಿಗಿಂತ ಚಿಕ್ಕದು, ಒಂದಷ್ಟು ಹೊಸ ಹಾಳೆಗೇ ಸೇರಿಬಿಡುತ್ತದೆ. ಉಳಿದದ್ದು ತೊಳೆದ ನೀರಿನ ಜೊತೆ ಚರಂಡಿಗೆ. ಯುರೋಪಿಯನ್ ಒಕ್ಕೂಟ ಬೇಕೆಂದೇ ಬೆರೆಸುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳ ಮೇಲೆ ತಂದ ನಿರ್ಬಂಧ 2023ರ ಅಕ್ಟೋಬರ್ 17ರಿಂದ ಜಾರಿಯಾದಾಗ, ಮೊದಲ ಏಟು ಬಿದ್ದದ್ದು ಬಿಡಿ ಪ್ಲಾಸ್ಟಿಕ್ ಗ್ಲಿಟರ್ ಮಾರಾಟದ ಮೇಲೆ. ನಮ್ಮಲ್ಲಿ ಅದು ಈಗಲೂ ಸ್ಟೇಷನರಿ ಅಂಗಡಿಯ ಮುಂಗಟ್ಟಿನಲ್ಲೇ ಸಿಗುತ್ತದೆ. ಒಂದು ಹಾಳೆಯಲ್ಲಿರುವ ಗ್ಲಿಟರ್ ಅದರ ಅಕ್ಕಪಕ್ಕದ ಒಳ್ಳೆಯ ಕಾಗದಕ್ಕೂ ಉದುರಿ ಮೆತ್ತುತ್ತದೆ ಎಂಬುದನ್ನು ಮರೆಯಬಾರದು. ಒಂದೇ ಚೀಲದಲ್ಲಿ ತುಂಬಿದರೆ ಕೆಡುವುದು ಇಡೀ ಚೀಲ.

ಇನ್ನು ಬಣ್ಣ. ಗಾಢ ಕೆಂಪು, ಹಸಿರು ಬಣ್ಣದ ಕಾಗದ ಮರುಬಳಕೆ ಆಗದು ಎಂಬ ಮಾತು ಪೂರ್ತಿ ನಿಜವಲ್ಲ. ಬಿಳಿ ಬರೆಯುವ ಹಾಳೆ ಮಾಡುವ ಗಿರಣಿಗೆ ಅದು ಬೇಡ, ಬಣ್ಣ ತೆಗೆಯುವ ಖರ್ಚು ಮೈಮೇಲೆ ಬರುತ್ತದೆ. ಕಂದು ಕ್ರಾಫ್ಟ್ ಕಾಗದವನ್ನೋ ರಟ್ಟನ್ನೋ ಮಾಡುವವರಿಗೆ ಬಣ್ಣದ ಮಡಿಮೈಲಿಗೆ ಅಷ್ಟಿಲ್ಲ. ಮಿಶ್ರ ಕಾಗದದ ದರ್ಜೆಯಲ್ಲಿ ಅಗ್ಗಕ್ಕೆ ಹೋಗುತ್ತದೆ ಅಷ್ಟೆ, ಆದರೆ ಹೋಗುತ್ತದೆ. ಪ್ಲಾಸ್ಟಿಕ್ ಮತ್ತು ಅಂಟು ಇಲ್ಲದಿದ್ದರೆ ಬಣ್ಣವೊಂದೇ ಕಾರಣಕ್ಕೆ ಅದನ್ನು ಕಸಕ್ಕೆ ಹಾಕಬೇಕಿಲ್ಲ.

ಕೈಗೆ ಸಿಕ್ಕ ಹಾಳೆಯ ಜಾತಿ ಹಿಡಿಯುವುದು

ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಪೌರಾಡಳಿತಗಳು ಜನರಿಗೆ ಹೇಳಿಕೊಡುವುದು ಮುದುರಿ ನೋಡುವ ಪರೀಕ್ಷೆ. ಹಾಳೆಯನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಬಿಡಬೇಕು; ಉಂಡೆಯಾಗಿಯೇ ಉಳಿದರೆ ಕಾಗದ, ಚಿಮ್ಮಿ ಬಿಚ್ಚಿಕೊಂಡರೆ ಪ್ಲಾಸ್ಟಿಕ್. ಪೂರಾ ಪ್ಲಾಸ್ಟಿಕ್ ಆಗಿರುವ ಹೊಳಪಿನ ಹಾಳೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಬೇಗಡೆ ಕಾಗದದ ಮುಂದೆ ಮಾತ್ರ ಸೋಲುತ್ತದೆ. ಲೋಹದ ತೆಳು ತಗಡು ಅಂಟಿಸಿದ ಕಾಗದ ಚೆನ್ನಾಗಿ ಮುದುರಿ ಉಂಡೆಯಾಗಿಯೇ ಕೂರುತ್ತದೆ, ಆದರೂ ಗಿರಣಿಗೆ ಬೇಡ.

ಆದ್ದರಿಂದ ಎರಡನೆಯದು, ಹರಿದು ನೋಡುವುದು. ಹರಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಬರೀ ಕಾಗದವಾದರೆ ಅಂಚು ಪೂರ್ತಿ ಬಿಳಿ ನವಿರಿನಂತೆ ಸುಕ್ಕಾಗಿ ಎಳೆ ಬಿಟ್ಟಿರುತ್ತದೆ. ಲ್ಯಾಮಿನೇಷನ್ ಇದ್ದರೆ ನಾರಿನ ಆಚೆಗೆ ಪಾರದರ್ಶಕ ಪೊರೆಯೊಂದು ಎಳೆದ ಹಾಲಿನ ಕೆನೆಯಂತೆ ಜಗ್ಗಿಕೊಂಡು ನಿಂತಿರುತ್ತದೆ.

ಅನುಮಾನ ಉಳಿದರೆ ಮೂರನೆಯದು, ನೀರಿನ ಪರೀಕ್ಷೆ. ಗಿರಣಿಯ ತೊಟ್ಟಿಯನ್ನೇ ಒಂದು ಲೋಟದಲ್ಲಿ ಮಾಡಿದಂತೆ ಇದು, ಹಾಗಾಗಿ ಇದರ ಉತ್ತರವನ್ನೇ ಕೊನೆಯದಾಗಿ ಹಿಡಿಯಬೇಕು. ಐದು ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಆಮೇಲೆ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ನುಣ್ಣಗೆ ಮುದ್ದೆಯಾದರೆ ಒಣ ಕಸದ ಕಾಗದಕ್ಕೆ ಧಾರಾಳವಾಗಿ ಸೇರಿಸಬಹುದು. ಬಾಳೆಹಣ್ಣಿನ ಸಿಪ್ಪೆಯಂತೆ ಪೊರೆ ಬೇರೆಯಾಗಿ ಬಂದರೆ ಲ್ಯಾಮಿನೇಷನ್. ಪೊರೆಯೂ ಬರದೆ, ಹಾಳೆಯೂ ಕರಗದೆ ಗಟ್ಟಿಯಾಗಿ ಉಳಿದರೆ, ನೆನೆದರೂ ಹರಿಯದಂತೆ ರಾಳ ಬೆರೆಸಿದ ಕಾಗದ. ಮಾಮೂಲಿ ಗಿರಣಿಗೆ ಅದೂ ತಲೆನೋವೇ.

ಹೂಗುಚ್ಛಕ್ಕೆ, ಹಣ್ಣಿನ ಬುಟ್ಟಿಗೆ ಸುತ್ತುವ ಚರಪರ ಸದ್ದು ಮಾಡುವ ಪಾರದರ್ಶಕ ಹಾಳೆಗೆ ಎಲ್ಲರೂ 'ಸೆಲ್ಲೋಫೇನ್' ಎನ್ನುತ್ತಾರೆ. ನಿಜವಾದ ಸೆಲ್ಲೋಫೇನ್ ಮರದ ಸೆಲ್ಯುಲೋಸಿನಿಂದ ಮಾಡಿದ್ದು, ಮಣ್ಣಿನಲ್ಲಿ ಕರಗುವಂಥದ್ದು. ಸ್ವಿಟ್ಜರ್ಲೆಂಡಿನ ಜಾಕ್ ಬ್ರಾಂಡೆನ್‌ಬರ್ಗರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿದ ವಸ್ತು ಅದು. ಇವತ್ತು ಆ ಹೆಸರಿನಲ್ಲಿ ಮಾರುವುದು ಹೆಚ್ಚೂಕಡಿಮೆ ಎಲ್ಲವೂ ಪಾಲಿಪ್ರೊಪಿಲೀನ್. ಹೆಸರು ಕೇಳಿ ಕಾಂಪೋಸ್ಟ್ ಗುಂಡಿಗೆ ಹಾಕಿದರೆ ವರ್ಷ ಕಳೆದ ಮೇಲೂ ಹಾಗೇ ಹೊರಗೆ ಬರುತ್ತದೆ.

ಬೆರಕೆಯ ಮಹಾರಾಜ: ಹಬ್ಬದ ಗಿಫ್ಟ್ ಬಾಕ್ಸ್

ಹಾಳೆಗಿಂತ ಎಷ್ಟೋ ಪಾಲು ಹೆಚ್ಚು ತೂಕದ ಕಸ ಈಗ ಬರುತ್ತಿರುವುದು ಕಂಪನಿಗಳು ದೀಪಾವಳಿಗೆ ಹಂಚುವ ಪೆಟ್ಟಿಗೆಗಳಿಂದ. ಕಾಲು ಕಿಲೋ ಬಾದಾಮಿ, ಗೋಡಂಬಿ. ಅದನ್ನು ಹೊರುವ ಪೆಟ್ಟಿಗೆ ಅದಕ್ಕಿಂತ ಭಾರ. ಬಿಚ್ಚಿ ನೋಡಿದರೆ ಒಂದು ಸಣ್ಣ ವಸ್ತುಸಂಗ್ರಹಾಲಯ. ಗೋಡೆಗೆ ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಬೂದು ರಟ್ಟು, ಇಲ್ಲವೇ ಮರದ ನಾರಿಗೆ ರಾಳ ಬೆರೆಸಿ ಒತ್ತಿದ ಎಂಡಿಎಫ್ ಹಲಗೆ. ರಟ್ಟಿನ ಮೇಲೆ ಲ್ಯಾಮಿನೇಷನ್ ಆದ ಮುದ್ರಿತ ಕಾಗದ, ಅದರ ಮೇಲೆ ಚಿನ್ನದ ಬಣ್ಣದ ಫಾಯಿಲ್ ಅಚ್ಚು. ಮುಚ್ಚಳದಲ್ಲಿ ಟಕ್ ಎಂದು ಕೂರುವ ಎರಡು ಅಯಸ್ಕಾಂತ. ಒಳಗೆ ಸ್ಪಂಜು, ಸ್ಪಂಜಿನ ಮೇಲೆ ಸ್ಯಾಟಿನ್, ಅದರ ಮೇಲೆ ವೆಲ್ವೆಟ್ಟಿನಂತೆ ಕಾಣುವ ಅಚ್ಚೊತ್ತಿದ ಪ್ಲಾಸ್ಟಿಕ್ ತಟ್ಟೆ. ಮುಚ್ಚಳದ ಕಿಟಕಿಗೆ ಪಿವಿಸಿ ಹಾಳೆ. ಎಲ್ಲವನ್ನೂ ಹಿಡಿದಿರುವುದು ಬಿಸಿ ಅಂಟು.

ಒಣ ಕಸ ಸಂಗ್ರಹ ಕೇಂದ್ರದಲ್ಲಿ ವಿಂಗಡಿಸುವವರು ಇದನ್ನು ಬಿಡಿಸುತ್ತ ಕೂರಲಾರರು. ಅವರ ಆದಾಯ ಗಂಟೆಗೆ ಎಷ್ಟು ಕಿಲೋ ವಿಂಗಡಿಸಿದರು ಎಂಬುದರ ಮೇಲೆ ನಿಂತಿದೆ; ಒಂದು ಪೆಟ್ಟಿಗೆಗೆ ಐದು ನಿಮಿಷ ಕೊಟ್ಟರೆ ಕೈಗೆ ಬರುವುದು ಅಂಗೈಯಷ್ಟು ರಟ್ಟು. ಹಾಗಾಗಿ ಪೆಟ್ಟಿಗೆ ಇಡಿಯಾಗಿ 'ರಿಜೆಕ್ಟ್' ರಾಶಿಗೆ ಹೋಗುತ್ತದೆ. ಉರಿಯುವ ರಿಜೆಕ್ಟ್ ಕಸ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಕಲ್ಲಿದ್ದಲಿನ ಬದಲಿಗೆ ಹೋಗುವುದುಂಟು, ಉಳಿದದ್ದು ಭೂಭರ್ತಿಗೆ. ಸಿಮೆಂಟ್ ಗೂಡಿಗೆ ಹೋದದ್ದನ್ನು ಕಂಪನಿಗಳ ವರದಿಗಳು 'ಸಂಸ್ಕರಿಸಲಾಯಿತು' ಎನ್ನುತ್ತವೆ. ಸುಟ್ಟದ್ದು ಎನ್ನುವುದು ಕನ್ನಡದ ಮಾತು.

ಮನೆಯಲ್ಲಿ ಬಿಡಿಸುವವರಿಗೆ ಕ್ರಮ ಹೀಗೆ. ಮೊದಲು ಸ್ಯಾಟಿನ್‌ನ ಅಂಚು ಹಿಡಿದು ಒಂದೇ ಸಲಕ್ಕೆ ಎಳೆಯಿರಿ, ಸ್ಪಂಜು ಅದರ ಜೊತೆಗೇ ಬರುತ್ತದೆ. ತಟ್ಟೆಯನ್ನು ಮೇಲೆತ್ತಿ, ತಳದಲ್ಲಿ ತ್ರಿಕೋನದೊಳಗೆ 5 ಅಥವಾ 6 ಎಂಬ ಅಂಕೆ ಇದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಬಹುದು, ಆದರೆ ಮೇಲೆ ವೆಲ್ವೆಟ್ ಪುಡಿ ಅಂಟಿಸಿದ್ದರೆ ಅಂಕೆ ಏನೇ ಇರಲಿ ಕೊಳ್ಳುವವರಿಲ್ಲ. ಕಿಟಕಿಯ ಹಾಳೆಯನ್ನು ಒಳಗಿನಿಂದ ಹೊರಕ್ಕೆ ತಳ್ಳಿದರೆ ಕಿತ್ತುಬರುತ್ತದೆ. ಅಯಸ್ಕಾಂತ ಇರುವ ಜಾಗವನ್ನು ಮೊಳೆಯಿಂದ ಹುಡುಕಿ ಬ್ಲೇಡಿನಲ್ಲಿ ಸೀಳಿ ತೆಗೆಯಿರಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಅದನ್ನು ಅಲ್ಲಿ ಇಲ್ಲಿ ಬಿಡಬೇಡಿ, ಎರಡು ನುಂಗಿದರೆ ಕರುಳಿನ ಆಚೀಚೆ ಅಂಟಿಕೊಂಡು ಪ್ರಾಣಕ್ಕೇ ಬರುತ್ತದೆ. ಉಳಿದ ರಟ್ಟಿನ ಒಳಮೈಯಲ್ಲಿ ಲ್ಯಾಮಿನೇಷನ್ ಇರುವುದಿಲ್ಲ. ಹೊರಗಿನ ಕಾಗದವನ್ನು ಒಂದು ಮೂಲೆಯಿಂದ ಸಿಪ್ಪೆಯಂತೆ ಎಳೆದರೆ ರಟ್ಟು ಶುದ್ಧವಾಗಿ ಸಿಗುತ್ತದೆ. ಎಂಡಿಎಫ್ ಆದರೆ ಇಷ್ಟೆಲ್ಲ ಕಷ್ಟಪಡಬೇಡಿ. ಅದರಲ್ಲಿ ರಾಳ ಬೆರೆತಿರುವುದರಿಂದ ಕಾಗದವೂ ಅಲ್ಲ, ಸೌದೆಯೂ ಅಲ್ಲ. ಹೊಲಿಗೆ ಸಾಮಾನಿಗೋ ಔಷಧಿ ಚೀಟಿಗೋ ಪೆಟ್ಟಿಗೆಯಾಗಿಯೇ ಇಟ್ಟುಕೊಳ್ಳುವುದು ಅದಕ್ಕಿರುವ ಒಂದೇ ಗತಿ.

ಸ್ವೀಟ್ ಬಾಕ್ಸ್ ಇದರಷ್ಟು ಜಟಿಲವಲ್ಲ. ತೆಳು ರಟ್ಟು, ಒಳಗೆ ಕೆಲವೊಮ್ಮೆ ಪ್ಲಾಸ್ಟಿಕ್ ಲೇಪ. ತೊಂದರೆ ತುಪ್ಪದ್ದು. ಮೈಸೂರು ಪಾಕಿನ ತುಪ್ಪ ಹೀರಿದ ತಳ ಗಿರಣಿಗೆ ಆಗದು, ಎಣ್ಣೆ ನೀರಿನಲ್ಲಿ ನಾರನ್ನು ಬಿಟ್ಟುಕೊಡುವುದಿಲ್ಲ. ಮುಚ್ಚಳ ಸಾಮಾನ್ಯವಾಗಿ ಒಣಗಿರುತ್ತದೆ. ಮುಚ್ಚಳ ಕಾಗದಕ್ಕೆ, ತಳ ಕಸಕ್ಕೆ ಎಂದು ಎರಡು ಮಾಡಿದರೂ ಅರ್ಧ ಉಳಿಯಿತು.

ಕಾನೂನು ಎಲ್ಲಿ ಮುಟ್ಟಿದೆ, ಎಲ್ಲಿ ಬಿಟ್ಟಿದೆ

ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ತಟ್ಟೆ ಲೋಟ, ಊಟದ ಮೇಜಿಗೆ ಹಾಸುವ ಹಾಳೆಗಳನ್ನು ದಪ್ಪ ಎಷ್ಟೇ ಇರಲಿ ನಿಷೇಧಿಸಿತು. ಕೇಂದ್ರ ಸರ್ಕಾರ 2021ರ ಆಗಸ್ಟ್ 12ರಂದು ಹೊರಡಿಸಿ 2022ರ ಜುಲೈ 1ರಿಂದ ಜಾರಿಗೆ ತಂದ ಪಟ್ಟಿಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಎರಡು ಸಾಲುಗಳಿವೆ. ಒಂದು, ಅಲಂಕಾರಕ್ಕೆ ಬಳಸುವ ಥರ್ಮೋಕೋಲ್. ಇನ್ನೊಂದು, ಸಿಹಿತಿಂಡಿ ಡಬ್ಬಿ, ಆಮಂತ್ರಣ ಪತ್ರಿಕೆ ಮತ್ತು ಸಿಗರೇಟು ಪ್ಯಾಕಿನ ಸುತ್ತ ಹೊದಿಸುವ ಪ್ಲಾಸ್ಟಿಕ್ ಪೊರೆ. ಅಂದರೆ ಅಂಗಡಿಯಿಂದ ತಂದ ಸ್ವೀಟ್ ಬಾಕ್ಸಿನ ಮೇಲೆ ಬಿಗಿಯಾಗಿ ಎಳೆದ ತೆಳು ಪ್ಲಾಸ್ಟಿಕ್ ಇದ್ದರೆ, ಅದನ್ನು ಸುತ್ತಿ ಮಾರಿದ್ದೇ ನಿಯಮಬಾಹಿರ. ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಪೊರೆ ಇದ್ದರೆ ತಾಜಾ ಇರಬೇಕು ಎಂದು ಅದನ್ನೇ ಕೇಳಿ ಪಡೆಯುತ್ತಾರೆ.

ಅದೇ ಡಬ್ಬಿಗೆ ಪ್ಲಾಸ್ಟಿಕ್ ಲೇಪದ ಗಿಫ್ಟ್ ಪೇಪರ್ ಸುತ್ತಿದರೆ? ಆ ಹಾಳೆಯನ್ನು ಈ ಪಟ್ಟಿ ಹೆಸರಿಸಿಲ್ಲ. ಅಂಗಡಿಯಲ್ಲಿ ಅದು 'ಪೇಪರ್' ಎಂದೇ ಮಾರಾಟವಾಗುತ್ತದೆ. ಪಾಕೀಟು ಮಾಡಿದವರೇ ಕಸಕ್ಕೂ ಹೊಣೆ ಎನ್ನುವ ನಿಯಮಗಳು 2022ರ ಫೆಬ್ರವರಿಯಲ್ಲಿ ಬಂದವು. ಅವು ದೊಡ್ಡ ಬ್ರ್ಯಾಂಡಿನ ಬಿಸ್ಕತ್ತು ಪೊಟ್ಟಣ, ಶಾಂಪೂ ಸ್ಯಾಶೆಗಳನ್ನು ಮನಸ್ಸಿನಲ್ಲಿಟ್ಟು ಬರೆದಂಥವು, ಹೆಸರಿಲ್ಲದ ಮುದ್ರಣಾಲಯದಿಂದ ಸುರುಳಿಗಟ್ಟಲೆ ಬರುವ ಗಿಫ್ಟ್ ಪೇಪರ್ ಆ ಬಲೆಗೆ ಬೀಳುವುದು ಕಷ್ಟ.

ಪದಾರ್ಥದ ಹೆಸರು ಹಿಡಿದು ನಿಷೇಧಿಸುವ ಬದಲು ಅತಿಯನ್ನೇ ಅಳೆಯುವ ದಾರಿಯೊಂದಿದೆ. ಚೀನಾದಲ್ಲಿ ಶರತ್ಕಾಲದ ಹಬ್ಬಕ್ಕೆ ಹಂಚುವ ಮೂನ್‌ಕೇಕ್ ಡಬ್ಬಿಗಳು ನಮ್ಮ ದೀಪಾವಳಿ ಪೆಟ್ಟಿಗೆಗಳ ಅಣ್ಣಂದಿರು. 2022ರ ಆಗಸ್ಟ್ 15ರಿಂದ ಅಲ್ಲಿ ಅವುಗಳ ಹೊದಿಕೆ ಮೂರು ಪದರ ಮೀರುವಂತಿಲ್ಲ. ನೂರು ಯುವಾನಿಗಿಂತ ದುಬಾರಿ ಡಬ್ಬಿಯಾದರೆ ಪ್ಯಾಕಿಂಗಿನ ಖರ್ಚು ಮಾರಾಟ ಬೆಲೆಯ ನೂರಕ್ಕೆ 15 ಪಾಲನ್ನು ದಾಟುವಂತಿಲ್ಲ. ಇಂಥ ಒಂದು ಅಳತೆ ನಮ್ಮಲ್ಲಿದ್ದರೆ ಎಂಡಿಎಫ್ ಪೆಟ್ಟಿಗೆ ಎಷ್ಟು ಹಬ್ಬ ಬಾಳುತ್ತಿತ್ತು ಎಂದು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಬಟ್ಟೆಯಂತೆ ಕಾಣುವ ಚೀಲ

ಮದುವೆ, ಗೃಹಪ್ರವೇಶ, ನಾಮಕರಣಗಳಲ್ಲಿ ತಾಂಬೂಲ ಕೊಡುವ ಚೀಲಕ್ಕೂ ಒಂದು ಮಾತು ಬೇಕು. 'ಬಟ್ಟೆ ಚೀಲ' ಎಂದು ಮಾರುವ, ಮೈಮೇಲೆ ಸಣ್ಣ ಚುಕ್ಕೆಗಳ ಅಚ್ಚಿರುವ ನಾನ್-ವೋವನ್ ಚೀಲ ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಹಾಳೆ ಮಾಡಿದ್ದು, ಅಂದರೆ ಪ್ಲಾಸ್ಟಿಕ್. ಅನುಮಾನವಿದ್ದರೆ ಒಂದು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಇದು ಮೇಣದ ವಾಸನೆ ಬಿಟ್ಟು ಕರಗಿ ಗಟ್ಟಿ ಮಣಿಯಾಗುತ್ತದೆ. ಕೇಂದ್ರದ ನಿಯಮದಂತೆ ಇಂಥ ಚೀಲ ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾಗಿರಕೂಡದು. ತಾಂಬೂಲಕ್ಕೆ ಬರುವ ಅಗ್ಗದ ಚೀಲಗಳಲ್ಲಿ ಬೆರಳು ಆಚೆಗೆ ಕಾಣುವಷ್ಟು ತೆಳುವಾದದ್ದು ಸಾಮಾನ್ಯ. ಅದರ ಎಳೆ ಬಿಸಿಲಿಗೆ ಸಿಕ್ಕರೆ ಕೆಲವೇ ತಿಂಗಳಲ್ಲಿ ಪುಡಿಯಾಗಿ ಉದುರುತ್ತದೆ. ಹಿತ್ತಲಿನ ಕೊಕ್ಕೆಗೆ ತೂಗುಹಾಕಿ ಮರೆತವರೆಲ್ಲ ಇದನ್ನು ಕಂಡಿರುತ್ತಾರೆ.

ಲೆಕ್ಕಕ್ಕೆ: 30 ಸೆಂಟಿಮೀಟರ್ ಅಗಲ, 40 ಎತ್ತರದ ಚೀಲಕ್ಕೆ ಹಿಡಿ, ಅಂಚು ಸೇರಿ ಸುಮಾರು 0.3 ಚದರ ಮೀಟರ್ ಹಾಳೆ ಬೇಕು. 60 ಗ್ರಾಂ ದರದಲ್ಲಿ 18 ಗ್ರಾಂ. ಐನೂರು ಜನಕ್ಕೆ ಒಂಬತ್ತು ಕಿಲೋ. ಒಂದು ತೆಂಗಿನಕಾಯಿ, ಎರಡು ಎಲೆ ಅಡಿಕೆಗೆ ಅಷ್ಟು ದೊಡ್ಡ ಚೀಲ ಬೇಡವೇ ಬೇಡ ಎನ್ನುವುದು ಬೇರೆ ಮಾತು. ಹಾಗೆಂದು ದಪ್ಪ ಹತ್ತಿ ಚೀಲ ಮಾಡಿಸಿ, ಅದರ ಮೇಲೆ ವಧೂವರರ ಹೆಸರು, ಫೋಟೊ, ಮುಹೂರ್ತವನ್ನು ಅಡಿಯಷ್ಟು ದೊಡ್ಡದಾಗಿ ಅಚ್ಚು ಹಾಕಿಸಿದರೆ ಅದನ್ನು ಹಿಡಿದು ತರಕಾರಿಗೆ ಹೋಗುವವರು ಕಡಿಮೆ. ಹತ್ತಿ ಬೆಳೆಯಲು, ಬಣ್ಣ ಹಾಕಲು ಹಿಡಿಯುವ ನೀರಿನ ಲೆಕ್ಕದಲ್ಲಿ, ಹತ್ತಾರು ಸಲ ಬಳಕೆಯಾಗದ ಬಟ್ಟೆ ಚೀಲ ಪ್ಲಾಸ್ಟಿಕ್ಕಿಗಿಂತ ದೊಡ್ಡ ದುಂದು. ಹೆಸರು ಹಾಕಿಸಲೇಬೇಕಾದರೆ ಒಳಭಾಗದಲ್ಲಿ ಸಣ್ಣದಾಗಿ ಹಾಕಿಸಿ. ಹೊರಗೆ ಬರೀ ಬಣ್ಣವಿದ್ದರೆ ಚೀಲ ನಾಲ್ಕು ವರ್ಷ ಸಂತೆಗೆ ಹೋಗುತ್ತದೆ.

ಕಡಿಮೆ ಹಾಳೆ, ಕಡಿಮೆ ಟೇಪು

ಸುತ್ತಲೇಬೇಕೆಂದರೆ ಹಾಳೆಯನ್ನು ಅಳೆದು ಕತ್ತರಿಸುವುದರಲ್ಲೇ ಅರ್ಧ ಉಳಿತಾಯವಿದೆ. ಉದ್ದ 30, ಅಗಲ 20, ಎತ್ತರ 10 ಸೆಂಟಿಮೀಟರಿನ ಡಬ್ಬಿ ತೆಗೆದುಕೊಳ್ಳಿ. ಅಗಲ ಮತ್ತು ಎತ್ತರ ಕೂಡಿಸಿ ಎರಡು ಪಟ್ಟು ಮಾಡಿ, ಒಂದರ ಮೇಲೊಂದು ಬರಲು 3 ಸೇರಿಸಿದರೆ 63. ಇದು ಡಬ್ಬಿಯ ಸುತ್ತಳತೆ. ಇನ್ನೊಂದು ದಿಕ್ಕಿಗೆ ಉದ್ದ 30, ಜೊತೆಗೆ ಎರಡೂ ತುದಿಗೆ ಎತ್ತರದ ಮುಕ್ಕಾಲಿನಂತೆ ಏಳೂವರೆ ಏಳೂವರೆ, ಒಟ್ಟು 45. ಅಂಗಡಿಯ ಮಾಮೂಲಿ 50 ಗುಣಿಸು 70ರ ಹಾಳೆ ಒಂದೇ ಸಾಕಾಯಿತು. ಇದೇ ಡಬ್ಬಿಯನ್ನು ಅಡ್ಡ ತಿರುಗಿಸಿ ಉದ್ದದ ಮೇಲೆ ಸುತ್ತಿದರೆ ಸುತ್ತಳತೆ 83 ಆಗಿ ಹಾಳೆ ಸಾಲದು, ಎರಡನೆಯ ಹಾಳೆ ತಂದು ಟೇಪಿನಿಂದ ಜೋಡಿಸಬೇಕು. ಎರಡು ಹಾಳೆ ಕೊಳ್ಳುವ ಬಹುತೇಕರು ಕೊಳ್ಳುವುದು ಇದೇ ಕಾರಣಕ್ಕೆ, ಡಬ್ಬಿ ದೊಡ್ಡದೆಂದಲ್ಲ.

ಚಪ್ಪಟೆಯ ಚೌಕ ಡಬ್ಬಿಗೆ ಇನ್ನೂ ಒಳ್ಳೆಯ ಉಪಾಯ, ಮೂಲೆಗೆ ಅಡ್ಡಲಾಗಿ ಸುತ್ತುವುದು. ಡಬ್ಬಿಯ ಮೇಲ್ಮೈಯ ಕರ್ಣಕ್ಕೆ ಎತ್ತರದ ಒಂದೂವರೆ ಪಟ್ಟು ಕೂಡಿಸಿದರೆ ಬೇಕಾದ ಚೌಕ ಹಾಳೆಯ ಬದಿ ಸಿಗುತ್ತದೆ. ಡಬ್ಬಿ 20 ಗುಣಿಸು 20, ಎತ್ತರ 5 ಆದರೆ ಕರ್ಣ 28.3, ಜೊತೆಗೆ 7.5, ಅಂದರೆ 36ರ ಚೌಕ ಹಾಳೆ. ಡಬ್ಬಿಯ ಬದಿಗಳು ಹಾಳೆಯ ಮೂಲೆಗಳ ಕಡೆ ನೋಡುವಂತೆ ಇಟ್ಟು ನಾಲ್ಕು ಮೂಲೆಗಳನ್ನೂ ಮಡಿಸಿ ತಂದರೆ ನಡುವೆ ಬಂದು ಕೂಡುತ್ತವೆ. ನೇರ ಸುತ್ತುವುದಕ್ಕೆ ಹೋಲಿಸಿದರೆ ಹಾಳೆ ನೂರಕ್ಕೆ ಹತ್ತರಷ್ಟು ಉಳಿಯುತ್ತದೆ, ಎಂಟು ಹತ್ತು ತುಂಡು ಟೇಪಿನ ಜಾಗಕ್ಕೆ ನಡುವೆ ಒಂದೇ ಚೀಟಿ ಸಾಕು. ಆ ಚೀಟಿಗೂ ಮೈದಾ ಅಂಟು ಧಾರಾಳ. ಪಿಷ್ಟದ ಅಂಟು ಗಿರಣಿಯ ನೀರಿನಲ್ಲಿ ಕರಗಿಹೋಗುತ್ತದೆ. ಕಟ್ಟಲು ಪ್ಲಾಸ್ಟಿಕ್ ರಿಬ್ಬನ್ ಬದಲು ಹೂವಾಡಗಿತ್ತಿ ಮಾಲೆ ಕಟ್ಟುವ ಬಾಳೆನಾರನ್ನು ನೆನೆಸಿ ಬಳಸಿ. ಒಣನಾರು ಗಂಟಿನಲ್ಲಿ ಮುರಿಯುತ್ತದೆ, ಒದ್ದೆನಾರು ಒಣಗುತ್ತ ಬಿಗಿಯಾಗುತ್ತದೆ.

ಹೊಸ ಹಾಳೆಯೇ ಬೇಕೆಂದೂ ಇಲ್ಲ. ವರ್ಷ ಕಳೆದ ಗೋಡೆ ಕ್ಯಾಲೆಂಡರಿನ ದೊಡ್ಡ ಪುಟ ದಪ್ಪವಾಗಿರುತ್ತದೆ, ಸಾಮಾನ್ಯವಾಗಿ ಲ್ಯಾಮಿನೇಷನ್ ಇರುವುದಿಲ್ಲ. ಶಾಲೆ ಶುರುವಾದಾಗ ನೋಟ್‌ಬುಕ್ಕಿಗೆ ಬೈಂಡ್ ಹಾಕಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ದಿನಪತ್ರಿಕೆಯೂ ಆಗುತ್ತದೆ, ಆದರೆ ತಿಂಡಿಗೆ ನೇರವಾಗಿ ತಾಗುವಂತೆ ಬೇಡ. ಮುದ್ರಣದ ಶಾಯಿ ಆಹಾರಕ್ಕೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ.

ಬಂದ ಹಾಳೆಯನ್ನು ಮತ್ತೆ ಬಳಸುವವರು ಟೇಪನ್ನು ಎಳೆಯಬಾರದು, ಹಾಳೆಯ ಮೈ ಕಿತ್ತುಬರುತ್ತದೆ. ಮಡಿಕೆಯ ಕೆಳಗೆ ಬ್ಲೇಡು ತೂರಿಸಿ ಟೇಪನ್ನು ಉದ್ದಕ್ಕೆ ಸೀಳಿ, ಅಂಚಿನ ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಹಾಳೆಯ ಮುಖ ಕೆಳಗೆ ಮಾಡಿ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿದರೆ ಸುಕ್ಕು ಹೋಗುತ್ತದೆ. ಫಾಯಿಲ್ ಅಚ್ಚು ಅಥವಾ ಗ್ಲಿಟರ್ ಇದ್ದರೆ ಇಸ್ತ್ರಿ ಬೇಡ, ಕರಗಿ ಬಟ್ಟೆಗೆ ಹತ್ತಿಕೊಳ್ಳುತ್ತದೆ. ಮಡಿಸಿ ಇಡಬೇಡಿ, ಸುತ್ತಿ ಇಡಿ.

ಕಣದ ಗಂಟು

ಜಪಾನಿನಲ್ಲಿ ಉಡುಗೊರೆಯನ್ನು ಫುರೋಶಿಕಿ ಎಂಬ ಚೌಕ ಬಟ್ಟೆಯಲ್ಲಿ ಕಟ್ಟಿಕೊಡುವ ರೂಢಿಗೆ ಮತ್ತೆ ಜೀವ ತರಲು 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಹಳೆ ಬಾಟಲಿಗಳಿಂದ ಮಾಡಿದ ನೂಲಿನ ಫುರೋಶಿಕಿಯನ್ನೇ ಹಿಡಿದು ಪ್ರಚಾರ ಮಾಡಿದ್ದರು. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಪ್ರತಿ ಮನೆಯ ಬೀರುವಿನಲ್ಲೂ ಹತ್ತಾರು ರವಿಕೆ ಕಣಗಳು ಸರದಿ ಕಾಯುತ್ತಿರುತ್ತವೆ. ವರಮಹಾಲಕ್ಷ್ಮಿಗೆ ಬಂದದ್ದು ಗೌರಿಗೆ ಹೋಗುತ್ತದೆ, ಗೌರಿಗೆ ಹೋದದ್ದು ನವರಾತ್ರಿಯಲ್ಲಿ ತಿರುಗಿ ಕೊಟ್ಟವರ ಮನೆಗೇ ಬರುತ್ತದೆ. ನಗುವವರು ನಗಲಿ, ವಸ್ತುವೊಂದನ್ನು ಹಾಳಾಗದೆ ವರ್ಷಗಟ್ಟಲೆ ಚಲಾವಣೆಯಲ್ಲಿಡುವ ಇಷ್ಟು ಪಕ್ಕಾ ಏರ್ಪಾಡು ಬೇರೆ ಕಡೆ ಸಿಗುವುದು ಅಪರೂಪ. ಹೇಗೂ ಕೊಡಲಿರುವ ಕಣದಲ್ಲೇ ಉಡುಗೊರೆಯನ್ನು ಕಟ್ಟಿದರೆ ಹೊದಿಕೆ ಕಸವೇ ಆಗುವುದಿಲ್ಲ.

ಅಳತೆಗೆ ಸುಲಭ ಸೂತ್ರ: ಬಟ್ಟೆಯ ಕರ್ಣ ಡಬ್ಬಿಯ ಉದ್ದದ ಮೂರು ಪಟ್ಟು ಇರಬೇಕು. 80 ಸೆಂಟಿಮೀಟರ್ ಚೌಕವಾಗಿ ಮಡಿಸಿದ ಕಣದ ಕರ್ಣ 113. ಅದರಲ್ಲಿ 37 ಸೆಂಟಿಮೀಟರ್ ಉದ್ದದ ಚಪ್ಪಟೆ ಡಬ್ಬಿವರೆಗೂ ಕಟ್ಟಬಹುದು. ಡಬ್ಬಿಯನ್ನು ಬಟ್ಟೆಯ ಮೂಲೆಗೆ ನೇರವಾಗಿ ನಡುವೆ ಇಡಿ. ಹತ್ತಿರದ ಮೂಲೆಯನ್ನು ಮೇಲೆ ತಂದು ಡಬ್ಬಿಯ ಅಡಿಗೆ ಸಿಕ್ಕಿಸಿ, ಎದುರಿನ ಮೂಲೆಯನ್ನು ಅದರ ಮೇಲೆ ಹಾಯಿಸಿ. ಉಳಿದ ಎರಡು ಮೂಲೆಗಳನ್ನು ಮೇಲೆತ್ತಿ ಗಂಟು ಹಾಕಿ: ಮೊದಲ ಸುತ್ತಿಗೆ ಎಡದ ತುದಿ ಬಲದ ಮೇಲೆ, ಎರಡನೆಯದಕ್ಕೆ ಬಲದ ತುದಿ ಎಡದ ಮೇಲೆ. ಎರಡೂ ಸಲ ಒಂದೇ ಕಡೆಯಿಂದ ಹಾಕಿದರೆ ಗಂಟು ಅಡ್ಡ ತಿರುಗಿ ಜಾರುತ್ತದೆ, ಹಿಡಿದು ಎತ್ತಿದರೆ ಬಿಚ್ಚಿಹೋಗುತ್ತದೆ. ಪಾಲಿಯೆಸ್ಟರ್ ಸ್ಯಾಟಿನ್ ಕಣ ಹೇಗೆ ಕಟ್ಟಿದರೂ ಜಾರುತ್ತದೆ. ಹತ್ತಿಯದ್ದು, ಗುಳೇದಗುಡ್ಡದ ಖಣದಂತೆ ಒತ್ತಾಗಿ ನೇಯ್ದದ್ದು ಗಂಟು ಹಿಡಿಯುತ್ತದೆ.

ಸಂಕ್ರಾಂತಿಯ ಎಳ್ಳು ಬೀರುವುದರಲ್ಲಿ ಮಾತ್ರ ಪ್ಲಾಸ್ಟಿಕ್ ಸುಮ್ಮನೆ ಬಂದಿಲ್ಲ. ಬೆಲ್ಲದ ಅಚ್ಚು ಗಾಳಿಯ ತೇವ ಎಳೆದುಕೊಂಡು ಜಿನುಗುತ್ತದೆ, ಎಳ್ಳು ಕಡಲೆಕಾಯಿಯ ಎಣ್ಣೆ ಕಾಗದಕ್ಕೆ ಇಳಿಯುತ್ತದೆ. ಅದಕ್ಕೇ ಬೆರಳುದ್ದದ ಪ್ಲಾಸ್ಟಿಕ್ ಪೊಟ್ಟಣ. ಆದರೆ ಗುಜರಿಗೆ ಈ ಗಾತ್ರದ ಪೊಟ್ಟಣ ಲೆಕ್ಕಕ್ಕೇ ಇಲ್ಲ, ಹೆಕ್ಕುವ ಕೂಲಿಯೂ ಹುಟ್ಟದು. ಬಯಲುಸೀಮೆಯ ಜನವರಿಯ ಒಣಗಾಳಿಯಲ್ಲಿ ಬಟರ್ ಪೇಪರಿನ ಪೊಟ್ಟಣ ಎರಡು ದಿನ ತಡೆಯುತ್ತದೆ, ಕರಾವಳಿಯಲ್ಲಿ ತಡೆಯದು. ಎರಡೂ ಕಡೆ ಕೆಲಸ ಮಾಡುವುದು ಹಳೆಯ ಸ್ಟೀಲ್ ಡಬ್ಬಿ. ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು ಎಂಬ ನಮ್ಮ ಮನೆಗಳ ಕಟ್ಟಳೆ ಅದನ್ನು ಹಿಂದಕ್ಕೆ ತರಿಸುವ ಯಂತ್ರ. ಇತ್ತೀಚೆಗೆ ಡಬ್ಬಿಯನ್ನೂ ಸೇರಿಸಿಯೇ ಕೊಟ್ಟುಬಿಡುವ ರೂಢಿ ಬಂದು ಅದೂ ಕೆಟ್ಟಿದೆ. ಮುಚ್ಚಳದ ಒಳಗೆ ಮನೆಯ ಹೆಸರು ಕೆತ್ತಿಸಿದ್ದರೆ ಡಬ್ಬಿ ದಾರಿ ತಪ್ಪುವುದು ಕಡಿಮೆ.

ಉಳಿದದ್ದನ್ನು ಹೊರಗಿಡುವಾಗ

ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ, ರಿಜೆಕ್ಟ್ ಎಂದು ಬೇರೆ ಬೇರೆ ಇಡಬೇಕೆಂಬ ವ್ಯವಸ್ಥೆ 2015ರ ಕೊನೆಯ ಹೈಕೋರ್ಟ್ ಆದೇಶದಿಂದ ಎಲ್ಲರಿಗೂ ಗೊತ್ತಾದದ್ದು. ಹಬ್ಬದ ವಾರ ಒಣ ಕಸದೊಳಗೇ ಇನ್ನೊಂದು ಪಾಲು ಮಾಡಿ: ರಟ್ಟು ಒಂದು ಕಟ್ಟು, ಪರೀಕ್ಷೆ ಪಾಸಾದ ಕಾಗದ ಒಂದು ಚೀಲ, ಉಳಿದ ಮಿನುಗು, ರಿಬ್ಬನ್, ಪೊರೆಗಳೆಲ್ಲ ಬೇರೆ. ರಟ್ಟಿನ ಡಬ್ಬಿಯ ಟೇಪು ಕಿತ್ತು, ವಿಳಾಸದ ಚೀಟಿ ಹರಿದು, ಮಡಿಸಿ ಚಪ್ಪಟೆ ಮಾಡಿ ದಾರ ಕಟ್ಟಿ. ಗುಳ್ಳೆ ಪ್ಲಾಸ್ಟಿಕ್ ಶುದ್ಧವಾಗಿದ್ದರೆ ಪ್ಲಾಸ್ಟಿಕ್ ಜೊತೆ ಹೋಗುತ್ತದೆ. ಒಳಗೆ ಗುಳ್ಳೆ, ಹೊರಗೆ ಕಾಗದ ಇರುವ ಕೊರಿಯರ್ ಲಕೋಟೆಯನ್ನು ಎರಡಾಗಿ ಸೀಳದಿದ್ದರೆ ಅದೂ ಬೆರಕೆಯೇ. ಸಣ್ಣ ಚೂರು ಮಾಡಿದ ಕಾಗದ ಜರಡಿಯಲ್ಲಿ ಕಳೆದುಹೋಗುತ್ತದೆ, ಆದ್ದರಿಂದ ಕಾಗದವನ್ನು ಚಿಂದಿ ಮಾಡಬೇಡಿ. ಚಿಂದಿಯಾದದ್ದು ಬಣ್ಣವಿಲ್ಲದ ಕಂದು ಕಾಗದವಾದರೆ ಕಾಂಪೋಸ್ಟಿಗೆ ಒಣ ಪದಾರ್ಥವಾಗಿ ಸೇರಿಸಿ. ಚಿನ್ನದ ಶಾಯಿಯ ಹಾಳೆ ಅಲ್ಲಿಗೆ ಬೇಡ, ಆ ಹೊಳಪು ಬರುವುದು ತಾಮ್ರ ಸತುವಿನ ಪುಡಿಯಿಂದ.

ಊರುಗಳಲ್ಲಿ ಇದೆಲ್ಲ ಕೊನೆಗೆ ಬಚ್ಚಲ ಒಲೆಗೆ ಹೋಗುತ್ತದೆ. ಬರೀ ಕಾಗದವಾದರೆ ಹೋಗಲಿ. ಪೆಟ್ಟಿಗೆಯ ಪಿವಿಸಿ ಕಿಟಕಿ, ಕೆಲವು ರಿಬ್ಬನ್ನುಗಳು ಸುಟ್ಟಾಗ ಕ್ಲೋರಿನ್ ಹೊಗೆ ಏಳುತ್ತದೆ, ಹಂಡೆಯ ಒಲೆಯಂಥ ಕಡಿಮೆ ಉರಿಯಲ್ಲಿ ಅದು ಕಡು ವಿಷವಾದ ಡಯಾಕ್ಸಿನ್‌ಗಳಾಗಿ ಮಾರ್ಪಡುತ್ತದೆ. ಆ ಬೂದಿಯನ್ನು ತೆಂಗಿನ ಬುಡಕ್ಕೆ, ಪಾತ್ರೆ ತಿಕ್ಕಲು ಬಳಸುವ ಮನೆಗಳು ಈಗಲೂ ಇವೆ. ಬೇಗಡೆ, ರಿಬ್ಬನ್, ಕಿಟಕಿಯ ಹಾಳೆ ಮೂರನ್ನೂ ಒಲೆಗೆ ಹಾಕದೆ ಒಂದು ಗೋಣಿಚೀಲದಲ್ಲಿ ತುಂಬಿಟ್ಟು ಪಂಚಾಯಿತಿಯ ಕಸದ ಗಾಡಿ ಬಂದಾಗ ಕೊಡುವುದೇ ಸದ್ಯದ ದಾರಿ.

ಕೊನೆಯದಾಗಿ ಮಳೆ. ದೀಪಾವಳಿ ಬೀಳುವುದು ಹಿಂಗಾರಿನ ನಡುವೆ. ರಾತ್ರಿ ಗೇಟಿನ ಹೊರಗಿಟ್ಟ ರಟ್ಟಿನ ಕಟ್ಟು ಬೆಳಿಗ್ಗೆ ನೆನೆದು ನೀರು ಕುಡಿದಿರುತ್ತದೆ. ಒದ್ದೆ ರಟ್ಟಿಗೆ ಗುಜರಿಯವರು ತೂಕದಲ್ಲಿ ಮುರಿದುಕೊಳ್ಳುತ್ತಾರೆ, ಎರಡು ದಿನ ಬಿಟ್ಟರೆ ಬೂಸ್ಟು ಹಿಡಿದು ಅದೂ ಹೋಗುತ್ತದೆ. ಕಟ್ಟನ್ನು ಒಳಗೇ ಮೆಟ್ಟಿಲಿನ ಕೆಳಗೆ ಇಟ್ಟು ಒಣ ಕಸದ ಗಾಡಿಯ ದಿನ ಬೆಳಿಗ್ಗೆ ಹೊರಗೆ ತಂದರೆ ಸಾಕು.